ಒಂದೇ ಕಡ್ಡಿ

ಹಾರ್ಮೋನಿಯಂ ದ್ಯಾವಪ್ಪ ಸಾಯೋವರೆಗೂ ಹೇಳಿದ್ದು ಒಂದೇ:
ಅವನು ಆ ನಟನಲ್ಲ ಕಣೋ, ಯಾವನೋ ಟೀ ಕಂಪನಿ ದೊರೆ.
ಖಳನ ಪಾರ್ಟಿನ ಖುದ್ದೂಸ್ ಸಾಬರದು ಬೇರೆಯೇ ಹೆಸರು,
ಕುದುರೆ ಮೇಲೆ ಬರುವವನು, ಗದ್ದದಲ್ಲಿ ಗುಳಿ ಇದ್ದವನು.
ನಾನು ಹೆಸರಿನ ಗೋಜಿಗೆ ಹೋಗುವುದಿಲ್ಲ.
ಬರಕೊಳ್ಳಿ: ಸಣ್ಣಮಲ್ಲಪ್ಪ, ಹೆಣ್ಣುಪಾರ್ಟು,
ಹದಿನಾಲ್ಕು ವರ್ಷ, ಎಲ್ಲ ನಾಟಕದಲ್ಲೂ ರಾಣಿ.

ಹಾಸನದಲ್ಲಿ ಭಾನುವಾರ ಬೆಳಗಿನ ಆಟಕ್ಕೆ
ಇಂಗ್ಲಿಷ್ ಚಿತ್ರ ಹಾಕಿ ಅರ್ಧ ರೇಟಿಗೆ ಬಿಡುತ್ತಿದ್ದರು.
ಒಂದು ಮಾತೂ ತಿಳಿಯದು.
ತಿಳಿಯಲಿ ಅಂತ ಯಾರು ಹೋಗಿದ್ದರು?
ಖುದ್ದೂಸರು ಅವನ ನಡಿಗೆ ಕದಿಯುತ್ತಿದ್ದರು,
ರಾಜಪಾರ್ಟಿನ ಕೆಂಚೇಗೌಡನಿಗೆ ಟೋಪಿ ಮೇಲೇ ಕಣ್ಣು.
ನಾನು ನೋಡುತ್ತಿದ್ದದ್ದು ಆಚೆ ಕಡೆಯಿಂದ,
ಅವನ ಎದುರು ನಿಂತವಳ ಕಡೆಯಿಂದ.
ಮುಖ ಎಷ್ಟು ಎತ್ತಬೇಕು, ಉಸಿರು ಎಲ್ಲಿ ಹಿಡಿಯಬೇಕು,
ಕಡ್ಡಿ ಗೀರಿ, ಅಂಗೈಯಲ್ಲೇ ಗೂಡು ಕಟ್ಟಿ
ಅವನು ಮೊದಲು ಅವಳ ಸಿಗರೇಟಿಗೆ ಹಿಡಿದಾಗ
ಕಣ್ಣು ಬೆಂಕಿಯನ್ನು ನೋಡಬೇಕೋ, ಅವನನ್ನೋ.

ರಾತ್ರಿ ಅದನ್ನೆಲ್ಲ ಕೆಂಚೇಗೌಡನ ಮುಂದೆ ಮಾಡಿದರೆ
ಆತ ಕಂದ ಎತ್ತಿಕೊಂಡು
ನನ್ನ ತಲೆ ಮೇಲಿಂದ ಕುರ್ಚಿ ಕ್ಲಾಸು ಎಣಿಸುತ್ತಿದ್ದ.

ಆ ದಿನ ಆಟ ಮುಗಿದಾಗ ಎರಡೂವರೆ.
ಅರಸೀಕೆರೆಯಲ್ಲಿ ಆ ಹೊತ್ತಿಗೆ ಕಾಫಿ ಅಂದರೆ ಸ್ಟೇಷನ್ನೇ.
ಸೀರೆ ಬಿಚ್ಚಿ ಪಂಚೆ ಸುತ್ತಿ, ಎಣ್ಣೆಯಲ್ಲಿ ಮುಖ ಒರೆಸಿದ್ದೆ.
ಕಣ್ಕಪ್ಪು ಮಾತ್ರ, ಎಷ್ಟು ಉಜ್ಜಿದರೂ,
ಮಾರನೆ ದಿನದ ಊಟದವರೆಗೂ ಇರುತ್ತೆ.
ಪುಣೆ ಕಡೆ ಮೇಲು ನಿಂತಿತ್ತು, ಇಂಜಿನ್ನು ನೀರು ಕುಡಿಯುತ್ತ.
ಪ್ಲಾಟ್‌ಫಾರಮ್ಮಿನ ತುದಿಗೆ, ಕೊಬ್ಬರಿ ಮೂಟೆಗಳ ಪಕ್ಕ
ಅವನು.

ಕುಳ್ಳ, ಸ್ವಾಮಿ!
ಪರದೆ ಮೇಲೆ ತೆಂಗಿನ ಮರ, ಇಲ್ಲಿ ನನ್ನ ಭುಜಕ್ಕೆ ಬಂದರೆ ಹೆಚ್ಚು.
ಬೂಟಿನ ಹಿಮ್ಮಡಿಯೂ ಸ್ವಲ್ಪ ಧಾರಾಳ.
ನಗು ಬಂತು, ನುಂಗಿಕೊಂಡೆ:
ಎದೆಗೆ ಕಟ್ಟುವ ಬಟ್ಟೆಯುಂಡೆ ನನ್ನ ಚೀಲದಲ್ಲೂ ಇದ್ದವಲ್ಲ.

ಬೆಂಕಿಪೊಟ್ಟಣ ಟೆಂಟಲ್ಲೇ ಬಿಟ್ಟಿದ್ದೆ. ಬೀಡಿ ಎತ್ತಿ ತೋರಿಸಿದೆ.
ಅವನು ಬೀಡಿ ನೋಡಲಿಲ್ಲ, ಪಂಚೆ ನೋಡಲಿಲ್ಲ,
ಕಣ್ಣು ನೋಡಿದ. ಆ ಕಪ್ಪನ್ನು.
ಆಮೇಲೆ ತನ್ನ ಕಾಲರಿನ ಮಡಿಕೆಗೆ ಬೆರಳು ಹಾಕಿ ಬಿಡಿಸಿದ:
ಒಳಗೆ ಹಳದಿ ಗೀಟು, ಒಗೆದರೂ ಹೋಗದ ಬಣ್ಣ.
ಟೀ ಕಂಪನಿ ದೊರೆ ಬಣ್ಣ ಹಚ್ಚುತ್ತಾನೇನೋ ದ್ಯಾವಪ್ಪ?

ಪೊಟ್ಟಣದಲ್ಲಿ ಒಂದೇ ಕಡ್ಡಿ.
ಗೀರಿದ. ಅದೇ ಗೂಡು, ಅದೇ ಅಂಗೈ. ಮೊದಲು ನನಗೆ.
ಅಷ್ಟು ಭಾನುವಾರ ಕಲಿತದ್ದೆಲ್ಲ ಮುಖ ಎತ್ತುವುದು;
ಬಗ್ಗಬೇಕಾಗುತ್ತೆ ಅಂತ ಯಾರೂ ಹೇಳಿರಲಿಲ್ಲ.
ಬಗ್ಗಿದೆ.
ಬೆಂಕಿ ನೋಡಿದೆನೋ ಅವನನ್ನೋ, ಈಗ ಕೇಳಿದರೆ ಹೇಳಲಾರೆ.
ಕಡ್ಡಿ ಆರಿತು. ಅವನ ಸಿಗರೇಟು ಹಾಗೇ ಉಳಿಯಿತು.
ನನ್ನ ಬೀಡಿ ಕೊಟ್ಟೆ, ಅದರಿಂದ ಹಚ್ಚಿಕೊಂಡ, ಕೆಮ್ಮಿದ.
ಗಾರ್ಡು ಸೀಟಿ ಊದಿದ.

ಮಾರನೆ ರಾತ್ರಿ ಪ್ರೇಮದ ಸೀನಿನಲ್ಲಿ ನಾನು ಮುಖ ಎತ್ತಲೇ ಇಲ್ಲ.
ಕೆಂಚೇಗೌಡ ಸಾಲು ಮರೆತ,
ಬಗ್ಗಿ ನೋಡಿದ, ಏನಾಯಿತು ಅಂತ.
ಮ್ಯಾನೇಜರು ಎಂಟಾಣೆ ದಂಡ ಹಾಕಿದರು, ಇಬ್ಬರಿಗೂ.

ಅವನು ನನ್ನ ಹೆಸರು ಕೇಳಲಿಲ್ಲ.
ಅಲ್ಲೂ ಯಾರಾದರೂ ನಿಮ್ಮ ಹಾಗೆ ಪೆನ್ನು ಹಿಡಿದು ಕೂತಿರಬಹುದು,
ಅವನೂ ಹೇಳಿರಬಹುದು, ಊರಿನ ಹೆಸರು ತಪ್ಪಿಸಿ,
ಯಾವುದೋ ಸ್ಟೇಷನ್ನು, ಕೊಬ್ಬರಿ ವಾಸನೆ,
ಪಂಚೆ ಉಟ್ಟಿದ್ದ ಒಬ್ಬಳು.