ನಾಲಗೆಯ ಅಂಚು

ರಾಸ್ ಅಲ್ ಖೈಮಾದಲ್ಲಿ ಅಕ್ಟೋಬರಿನಲ್ಲೂ ಬೆಳಗೆಂದರೆ ಕಾದ ಕಾವಲಿ.
ಕಾಲೇಜಿನ ಕ್ಲಿನಿಕ್ಕಿನೊಳಗೆ ಮಾತ್ರ ಹದಿನೆಂಟು ಡಿಗ್ರಿ,
ಹನ್ನೆರಡು ನೀಲಿ ಕುರ್ಚಿ, ಹನ್ನೆರಡು ತೆರೆದ ಬಾಯಿ.
ಏಳನೆಯದು ನನ್ನ ಪಾಲಿಗೆ.

ಕಾರ್ಡಿನಲ್ಲಿ: ಯಂಕೋಬ, ನಲವತ್ತೊಂದು, ಟೈಲ್ಸ್ ಕೆಲಸ,
ಕೆಳದವಡೆ ನೋವು.
ನನ್ನ ಎದೆಯ ಮೇಲಿನ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ
'ಮರಕಾಲ ಅಂದ್ರ ನಮ್ ಕಡೀಯವರೇನ್ರೀ?' ಅಂದ.
ಗಂಗೊಳ್ಳಿ ಎಂದೆ. ಅವನದು ಸಿಂಧನೂರು.
ಇಲ್ಲಿಂದ ನೋಡಿದರೆ ಎರಡೂ ಒಂದೇ ಓಣಿ.

ಕಳೆದ ವಾರವಷ್ಟೇ ಪ್ರಶ್ನಾವಳಿ ತುಂಬಿದ್ದೆವು,
ನಾಲ್ಕನೇ ವರ್ಷದವರೆಲ್ಲ, ಕ್ಯಾಂಟೀನಿನ ಕರಕ್ ಚಹಾದ ಜೊತೆ.
ಎಚ್‌ಐವಿ ಎಂಜಲಿನಿಂದ ಹರಡುತ್ತದೆಯೇ? ಇಲ್ಲ.
ಸೊಳ್ಳೆಯಿಂದ? ಇಲ್ಲ.
ಬಾಯಲ್ಲಿ ಕಾಣುವ ಗುರುತುಗಳು?
ಒಂದೂ ತಪ್ಪದೆ ಗೀಚಿದ್ದೆ:
ಒರೆಸಿದರೆ ಹೋಗುವ ಬಿಳುಪು, ಒರೆಸಿದರೂ ಹೋಗದ ಬಿಳುಪು,
ವಸಡಿನಂಚಿನ ಕೆಂಪು ಗೆರೆ, ಅಂಗುಳದ ನೇರಳೆ ಕಲೆ.
ಇಪ್ಪತ್ತೇಳನೆಯದು:
ಅಂಥ ರೋಗಿಗೆ ನೀವು ಚಿಕಿತ್ಸೆ ಕೊಡುವಿರಾ?
ಹೌದು.
ಪ್ರಶ್ನೆ ಮುಗಿಯುವ ಮೊದಲೇ ಹೌದು.
ನಲವತ್ತಕ್ಕೆ ಮೂವತ್ತೊಂಬತ್ತು. ತಪ್ಪಿದ್ದು ಯಾವುದೆಂದು
ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾಲಗೆಯ ತುದಿಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ.
ಅಂಚಿನಲ್ಲಿ ಬಿಳುಪು,
ಸಾಲು ಸಾಲು ಸಣ್ಣ ಮಡಿಕೆ,
ಅಲೆ ಹಿಂದೆ ಸರಿದ ಮೇಲೆ ಮರಳಲ್ಲಿ ಉಳಿಯುತ್ತವಲ್ಲ, ಹಾಗೆ.
ಒರೆಸಿದೆ. ಹೋಗಲಿಲ್ಲ.
ಇನ್ನೊಮ್ಮೆ ಒರೆಸಿದೆ,
ತಟ್ಟೆಯ ಕಲೆ ಉಜ್ಜುವವಳಂತೆ, ಹೋಗು, ಹೋಗು ಎಂದುಕೊಂಡು.
ಪುಸ್ತಕದ ಚಿತ್ರಕ್ಕೆ ಮುಖ ಇರಲಿಲ್ಲ.
ಇದಕ್ಕೆ ಮೀಸೆಯಿತ್ತು, ಮೀಸೆಯಲ್ಲಿ ಟೈಲ್ಸಿನ ಪುಡಿ.

ಆಗ ನನ್ನ ಕೈ, ನನ್ನನ್ನು ಕೇಳದೆ,
ಪೆಟ್ಟಿಗೆಯಿಂದ ಇನ್ನೊಂದು ಜೊತೆ ಗ್ಲೌಸ್ ಎಳೆಯಿತು.
ಮೊದಲಿನದರ ಮೇಲೆ ಎರಡನೆಯದು.
ಅವನು ನೋಡಿದ.
'ಚಳಿ ಆಗಾಕತ್ತೈತೇನವ್ವಾ?
ಈ ಏಸಿ ಭಾಳ ಕೆಟ್ಟದ್ದು.'
ಅಷ್ಟು ಹೇಳಿ ಮತ್ತೆ ಬಾಯಿ ತೆರೆದ,
ತಾನಾಗಿಯೇ, ಮೊದಲಿಗಿಂತ ಅಗಲ.

ಮೇಲಿನ ಜೊತೆ ಕಳಚಿದೆ. ರಬ್ಬರು ಚಟ್ಟೆಂದಿತು.
ಹನ್ನೆರಡೂ ಕುರ್ಚಿಗೆ ಕೇಳಿತೇನೋ.

ಬೆನ್ನ ಹಿಂದೆ ಡಾಕ್ಟರ್ ಸೌಸನ್ ಬಂದು ನಿಂತರು,
ನೋಡಿದರು, ಏನೂ ಅನ್ನದೆ ಭುಜ ಒತ್ತಿದರು.
ಇನ್ನು ರಕ್ತ, ಕಾಗದ, ಅರಬಿಯಲ್ಲೊಂದು ಸಹಿ,
ಆಮೇಲೆ ವೀಸಾದ ಕಿಟಕಿ.
ಅಥವಾ ಬೇರೇನೋ ಇರಬಹುದು.
ನಾಲಗೆಯೊಂದೇ ಸಾಕ್ಷಿಯಲ್ಲವೆಂದೂ ಪುಸ್ತಕದಲ್ಲಿದೆ,
ಸಣ್ಣ ಅಕ್ಷರದಲ್ಲಿ.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅಮ್ಮ ಗೊಣಗುವುದುಂಟು,
ಮೀನು ಮಾರ್ಕೆಟ್ಟಿನಲ್ಲಿ ಅಪ್ಪ ಯಾರಿಗೋ
ಸಂಬಳದ ಲೆಕ್ಕ ಹೇಳಿಬಂದ ದಿನ.
ಇವನು ಬರೀ ಒಂದು ಹಲ್ಲು ತೋರಿಸಲು ಬಾಯಿ ಬಿಟ್ಟವನು.

ಹೇಗೆ ಹೇಳಲಿ?
ಈ ರೋಗ ನಾನು ಕಲಿತದ್ದು ಇಂಗ್ಲಿಷಿನಲ್ಲಿ.
ಕನ್ನಡದಲ್ಲಿ ನನ್ನ ಹತ್ತಿರ ಇರುವುದು ಅಡುಗೆಮನೆಯಷ್ಟು:
ಉಪ್ಪು, ಹುಳಿ, ಉರಿ, ಇನ್ನೊಂಚೂರು, ಸಾಕು.
ಹೆದರಬೇಡಿ ಅನ್ನೋಣವೆಂದರೆ
ಹೆದರಿದವಳು ನಾನು, ಅವನಿಗೆ ಇನ್ನೂ ಏನೂ ಗೊತ್ತಿಲ್ಲ.
ಮಾತ್ರೆಗಳಿವೆ, ಬಾಳಬಹುದು, ಬಹಳ ವರ್ಷ ಬಾಳಬಹುದು
(ಪ್ರಶ್ನೆ ಹದಿನಾರು, ಸರಿ ಉತ್ತರ),
ಆದರೆ ಎಲ್ಲಿ, ಯಾವ ಊರಲ್ಲಿ, ಯಾವ ಕೆಲಸದಲ್ಲಿ?

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ.
ಕುರ್ಚಿಯಿಂದ ಏನೋ ಸದ್ದು.
ತುಟಿ ಕೂಡಿಸಲಾರದೆ,
ಬಕಾರ ಮಕಾರ ಉದುರಿಹೋದ ಕನ್ನಡದಲ್ಲಿ
ಅವನು ಕೇಳುತ್ತಿದ್ದ,
ಬಾಯಿ ಮುಚ್ಚಲೇನವ್ವಾ ಇನ್ನು?