ಷರಾ ಕಾಲಂ

ಸಾಹೇಬರೇ, ವಾಲ್ಪರೈಸೊದಿಂದ ಒಂದು ಹಗಲು ಒಂದು ರಾತ್ರಿ
ಬಸ್ಸಿನಲ್ಲಿ ಕೂತು ಬಂದಿದ್ದೀರಿ. ಮೊದಲು ಒಲೆಯ ಹತ್ತಿರ ಬನ್ನಿ,
ಕಾಲುಚೀಲ ಒಣಗಲಿ.
ಕೆಮ್ಚಿಯ ಕಡಲು ದಿನಕ್ಕೆ ನಾಲ್ಕು ಸಲ ಮನಸ್ಸು ಬದಲಿಸುತ್ತದೆ.
ಇಪ್ಪತ್ತೇಳು ವರ್ಷ ಅದನ್ನು ತಪ್ಪದೆ ಬರೆದಿದ್ದೇನೆ,
ಎರಡು ದಿನ ಬಿಟ್ಟು.
ನಿಮ್ಮ ತಕರಾರು ಅದಲ್ಲ, ಗೊತ್ತು.
ಕೊನೆಯ ಕಾಲಮ್ಮಿನದು.

ಮೇಲೆ ‘ಷರಾ’ ಎಂದು ಅಚ್ಚಾಗಿತ್ತು, ಕೆಳಗೆ ಖಾಲಿ.
ಏನು ತುಂಬಬೇಕೆಂದು ಯಾರೂ ಹೇಳಿರಲಿಲ್ಲ.
ಮೊದಮೊದಲು ಬರೆದೆ: ಗಾಳಿ. ಮಂಜು.
ಕಡಲಸಿಂಹ ಒಂದು ಸತ್ತು ದಡಕ್ಕೆ ಬಂತು.
ಆಮೇಲೆ ಜುಲೈ ಒಂಬತ್ತು, ಬೆಳಗಿನ ಜಾವ ನಾಲ್ಕೂ ಇಪ್ಪತ್ತು,
ನೀರು ಆರು ಮೀಟರು.
ಷರಾ: ಹೆಣ್ಣು. ಎರಡೂ ಮುಕ್ಕಾಲು ಕಿಲೊ. ಅತ್ತಳು.

ಕೈ ಒಮ್ಮೆ ರುಚಿ ಕಂಡರೆ ಬಿಡುತ್ತದೆಯೇ?
‘ಹಲ್ಲು, ಕೆಳಗಿನದು. ಪರೀಕ್ಷೆ ನನ್ನ ಬೆರಳ ಮೇಲೆ.’
‘ಮೊದಲ ಮಾತು: ಇನ್ನೊಂದು. (ಆಲೂಗಡ್ಡೆ.)’
‘ಯಸ್ನಾ ಇವತ್ತು ಕೋಳಿಗೆ ಸುಳ್ಳು ಹೇಳಿದಳು.’

ಎರಡು ತುಂಬಿದ ವರ್ಷ, ಸೊನ್ನೆ ಗೆರೆ ಕೆಸರಿಗೆ ತಾಗುವ
ದೊಡ್ಡ ಇಳಿತದ ದಿನ ಕಾದು, ಬೂಟು ಹಾಕಿಕೊಂಡು ಇಳಿದು,
ಸರಕಾರದ ಅಳತೆಗಂಬಕ್ಕೆ ಅವಳ ಬೆನ್ನು ಒತ್ತಿ ನಿಲ್ಲಿಸಿದೆ.
ಚಿಪ್ಪು ಚುಚ್ಚುತ್ತೆ ಎಂದಳು. ಎಂಬತ್ತನಾಲ್ಕು ಸೆಂಟಿಮೀಟರು.
ಅಲ್ಲಿಂದ ಪ್ರತಿ ಜುಲೈ ಅದೇ ಕಂಬ.
ಆರು ತಾಸು ಕಳೆದರೆ ಅವಳು ನಿಂತ ಜಾಗದ ಮೇಲೆ
ಮೂರಾಳು ನೀರು.
ಅದನ್ನೂ ನಾನೇ ಬರೆಯಬೇಕು.
ಪೆನ್ನು ಆಗ ಒಂದು ಗಳಿಗೆ ಸುಮ್ಮನಾಗುತ್ತಿತ್ತು.
ಅದಕ್ಕೆ ಕಾಲಂ ಇರಲಿಲ್ಲ.

ಎರ್ಮೆಲಿಂಡಾ ನಗುತ್ತಿದ್ದಳು: ನೀನು ಬರಿ, ನಾನು ಹೆಣೀತೀನಿ.
ಒಂದೇ ಸ್ವೆಟರು, ವರ್ಷ ವರ್ಷ ಬಿಚ್ಚಿ,
ಹೊಸ ಉಂಡೆ ಸೇರಿಸಿ, ಮತ್ತೆ.
ಅವಳ ಲೆಕ್ಕದಲ್ಲಿ ಹಳೆಯ ಅಳತೆ ಒಂದೂ ಉಳಿಯಲಿಲ್ಲ.
ನೂಲು ಉಳಿಯಿತು.

ಹದಿಮೂರಕ್ಕೆ, ನಾನೇನು ದೋಣಿಯೇ, ಎಂದಳು ಯಸ್ನಾ.
ಆ ಜುಲೈ ಷರಾ: ನಿಲ್ಲಲಿಲ್ಲ.
ಮುಂದಿನ ಜುಲೈ: ಕೇಳಲಿಲ್ಲ.

ಹಾಂ, ನೀವು ಬೆರಳಿಟ್ಟದ್ದು ಅಲ್ಲೇ, ಆ ಎರಡು ಖಾಲಿ ದಿನ.
ಯಾರ ಮೇಲೋ ಸಿಟ್ಟಿಗೆ, ಬಹುಶಃ ನನ್ನ ಮೇಲೇ,
ಚಿಕ್ಕಪ್ಪನ ದೋಣಿ ಬಿಚ್ಚಿಕೊಂಡು ಮಂಜಿನೊಳಗೆ ಹೋಗಿದ್ದಳು.
ಕಡಲು ಬಂತೋ ಹೋಯಿತೋ ನಾನು ನೋಡಲಿಲ್ಲ.
ನೋಡಿದ್ದೆಲ್ಲ ಕಡಲನ್ನೇ, ಅಳೆಯಲಿಲ್ಲ ಅಷ್ಟೆ.
ಅಂಕಿ ಇಲ್ಲ. ಷರಾ ಇದೆ:
ಸಿಕ್ಕಳು.

ಇಲ್ಲಿಂದ ನಾಲ್ಕು ತಿಂಗಳ ಅಕ್ಷರ ನನ್ನದಲ್ಲ.
ಕಣ್ಣಿಗೆ ಪೊರೆ ಬಂದ ಚಳಿಗಾಲ. ಚಿಪ್ಪಿನ ದೋಣಿಯ ಕೆಲಸ ಮುಗಿಸಿ
ಅವಳೇ ಇಳಿದು ಓದುತ್ತಿದ್ದಳು. ನಾನು ನೋಡಲಾರೆ,
ನೀವು ಓದಿ, ಸ್ವಲ್ಪ ಜೋರಾಗಿ.
‘ಕಿಟಕಿಯಿಂದಲೇ ಮೂರೂವರೆ ಎಂದರು. ಮೂರು.’
‘ಅಪ್ಪ ಮೆಟ್ಟಿಲಲ್ಲಿ ಎರಡು ಸಲ ನಿಂತರು.’
‘ಹಠ. ಸೂಪು ಬಿಟ್ಟರು.’
‘ಇವತ್ತು ದೊಡ್ಡ ಇಳಿತ. ಕೈಹಿಡಿದು ಕರೆದೊಯ್ದು
ಕಂಬಕ್ಕೆ ಒರಗಿಸಿದೆ: ನೂರ ಅರವತ್ತಾರು.
ಗುರುತಿನ ಚೀಟಿಯಲ್ಲಿ ನೂರ ಅರವತ್ತೊಂಬತ್ತು ಇದೆ.
ಹೇಳಲಿಲ್ಲ.’

ಹೇಳಿರಲಿಲ್ಲ.

ಇರಲಿ. ಆ ಕಾಲಂ ಕತ್ತರಿಸಿ ಕಡತ ಶುದ್ಧ ಮಾಡಿ ತನ್ನಿ
ಎಂದು ಮೇಲಿನವರ ಅಪ್ಪಣೆ ಅಂದಿರಿ.
ಕತ್ತರಿ ಅಗೋ, ಉಣ್ಣೆಯ ಬುಟ್ಟಿಯಲ್ಲಿ.
ಕಾಗದ ಉಳಿಸಬೇಕೆಂದು ನಿಮ್ಮದೇ ಸುತ್ತೋಲೆ ಬಂದಿತ್ತು,
ಹಾಗಾಗಿ ಎರಡೂ ಬದಿ ಬರೆದಿದ್ದೇನೆ. ಪುಟ ತಿರುಗಿಸಿ:
ಕೊನೆಯ ಕಾಲಮ್ಮಿನ ಬೆನ್ನಿಗೆ ಮೊದಲ ಕಾಲಂ, ದಿನಾಂಕ.
ಹಲ್ಲು, ಕೋಳಿ, ಸ್ವೆಟರು ಎಲ್ಲ ಕತ್ತರಿಸಿ ತೆಗೆದರೆ
ಕಡಲು ಹಾಗೇ ಉಳಿಯುತ್ತದೆ,
ಯಾವ ದಿನದ್ದೆಂದು ಮಾತ್ರ ತಿಳಿಯುವುದಿಲ್ಲ.

ಯೋಚಿಸಿ. ಕೆಟಲ್ಲಿನಲ್ಲಿ ಬಿಸಿನೀರಿದೆ.
ಐದೂ ನಲವತ್ತಕ್ಕೆ ಇಳಿತ,
ಅವಳು ಕೆಳಗೆ ಕೂಗುತ್ತಿದ್ದಾಳೆ, ಬಂದೆ.