ಚಾ ಕುಡಿಯುವ ಭಾಗ

ಚೌಬಾರದ ಹಿಂದಿನ ಓಣಿ, ಕಾರ್ಖಾನೆಯ ಬಾಗಿಲು ಎಳೆದ ಮೇಲೆ
ಅರ್ಧ ಕೆತ್ತಿದ ಹೂದಾನಿಗೆ ಫೋನು ಆನಿಸಿಟ್ಟು
ನಾನು, ಜಿಲಾನಿ ನೋಡುತ್ತೇವೆ
ನಾವು ಹುಟ್ಟುವ ಮೊದಲೇ ಸತ್ತ
ಒಬ್ಬ ಗಿಟಾರಿನವನ ಡಾಕ್ಯುಮೆಂಟರಿ.

ಇದು ನಾಲ್ಕನೇ ಸಲ.
ಹಾಡು ಬಂದರೆ ಜಿಲಾನಿ ಮುಂದಕ್ಕೆ ಓಡಿಸುತ್ತಾನೆ.
'ಹಾಡು ಎಲ್ಲಿ ಬೇಕಾದ್ರೂ ಸಿಗ್ತಾವ,
ಇವ ಚಾ ಕುಡಿಯೋದು ಇದ್ರಾಗಷ್ಟೇ ಅದ.'

ಹೌದು. ವ್ಯಾನಿನ ಹಿಂಬಾಗಿಲಲ್ಲಿ ಕೂತು ಕುಡಿಯುತ್ತಾನೆ,
ಕಾಲುಚೀಲಕ್ಕೆ ತೂತು.
ಹರಿದ ತಂತಿ ಬಿಚ್ಚಿ ಹೊಸದು ಬಿಗಿಯುವಾಗ
ಚುಚ್ಚಿಸಿಕೊಂಡು, ಬೆರಳು ಬಾಯಿಗಿಡುತ್ತಾನೆ.
ಅಲ್ಲೇ ನಿಲ್ಲಿಸಿ ಜಿಲಾನಿ
ತನ್ನ ಹೆಬ್ಬೆರಳು ತೋರಿಸುತ್ತಾನೆ:
ಹದಿನೆಂಟು ವರ್ಷದ ಬೆಳ್ಳಿ ತಂತಿ.

ಆಮೇಲೆ ಆ ಹೆಂಗಸು.
ಆಗ ಮುಂದಿನ ಸಾಲಲ್ಲಿ ಚೀರಿ ಅತ್ತ ಹುಡುಗಿ,
ಈಗ ದಪ್ಪ ಕನ್ನಡಕ, ತೊಡೆಯ ಮೇಲೆ ಬೆಕ್ಕು.
'ಅಷ್ಟು ಜನರಲ್ಲಿ ನನ್ನನ್ನೇ ನೋಡಿದ' ಎನ್ನುತ್ತಾಳೆ.
ಈ ಸಲ ನಗಬೇಕು ಅಂದುಕೊಂಡಿದ್ದೆ.

ನಮ್ಮನ್ನವನು ನೋಡಿಲ್ಲ.
ಬೀದರ ಯಾವ ದಿಕ್ಕಿಗೆಂದು
ಅವನಿಗೆ ಯಾರು ಹೇಳಬೇಕಿತ್ತು?

ಜಿಲಾನಿ ಎದ್ದು ಕೋಟೆಯ ಮಣ್ಣು, ನವಸಾಗರ ಕುದಿಸಿ
ಬೆಳಿಗ್ಗೆ ಕೊಡಬೇಕಾದ ಪಾನಿನ ಡಬ್ಬಿ ಅದ್ದಿ ತಿಕ್ಕಿದ.
ಬೂದಿ ಬಣ್ಣ ಹೋಗಿ ಕಪ್ಪು ಏರಿತು,
ಮುಚ್ಚಳದ ಬಳ್ಳಿ ಬೆಳ್ಳಗೆ ನಿಂತಿತು.
ತಿರುವಿ ಹಾಕಿದ.
ಗಿರಾಕಿ ಎಂದೂ ನೋಡದ ತಳದಲ್ಲಿ
ಪಕ್ಕಪಕ್ಕ ಆರು ಬೆಳ್ಳಿ ಗೆರೆ.

ನಾನೇನೂ ಕೇಳಲಿಲ್ಲ.
ಚಿಂದಿಯಿಂದ ಎಣ್ಣೆ ಒರೆಸುತ್ತ ಅವನೇ ಅಂದ:
'ಐದನೇದು ಜರಾ ಸೊಟ್ಟ ಆಗ್ಯಾದಲ್ಲ?'